ಔಷಧಿ ಚೀಟಿ ಮತ್ತು ಬೀಜದ ಚೀಲ: ಪೇಟೆಂಟ್ ಕಾನೂನಿನಲ್ಲಿ ನಮ್ಮ ಪಾಲನ್ನು ಕೇಳಿ ಪಡೆಯುವ ಬಗೆ

ದಾವಣಗೆರೆಯಲ್ಲಿರುವ ನನ್ನ ಅಕ್ಕನಿಗೆ ಸಕ್ಕರೆ ಕಾಯಿಲೆ ಶುರುವಾಗಿ ಹತ್ತು ವರ್ಷದ ಮೇಲಾಯಿತು. ವೈದ್ಯರು ಬರೆದುಕೊಟ್ಟಿದ್ದ ಮಾತ್ರೆಗಳಲ್ಲಿ ಸಿಟಾಗ್ಲಿಪ್ಟಿನ್ ಒಂದು. ಒಂದೊಂದಕ್ಕೂ ನಲವತ್ತು ರೂಪಾಯಿಯ ಆಸುಪಾಸು. ಕೈ ಬಿಗಿಯಾದ ತಿಂಗಳುಗಳಲ್ಲಿ ಆಕೆ ಅದನ್ನು ದಿನ ಬಿಟ್ಟು ದಿನ ನುಂಗುತ್ತಿದ್ದಳೆಂಬುದು ನಮಗೆ ಗೊತ್ತಾದದ್ದು, ಕಾಲಿನ ಗಾಯವೊಂದು ಎಷ್ಟು ದಿನವಾದರೂ ಮಾಯದೆ ಉಳಿದಾಗ. ಆ ಔಷಧಿಯ ಮೇಲಿದ್ದ ಪೇಟೆಂಟ್, ಅಂದರೆ ಅದನ್ನು ತಯಾರಿಸಿ ಮಾರಲು ಒಂದೇ ಕಂಪನಿಗೆ ಕೊಟ್ಟಿದ್ದ ಹಕ್ಕು, ಭಾರತದಲ್ಲಿ 2022ರ ಜುಲೈನಲ್ಲೇ ಮುಗಿದಿತ್ತು. ಅದೇ ಸೆಪ್ಟೆಂಬರಿನಲ್ಲಿ ಜನೌಷಧಿ ಕೇಂದ್ರಗಳಿಗೆ 50 ಮಿಲಿಗ್ರಾಂನ ಹತ್ತು ಮಾತ್ರೆಗಳು 60 ರೂಪಾಯಿಗೆ, 100 ಮಿಲಿಗ್ರಾಂನವು 100 ರೂಪಾಯಿಗೆ ಬಂದಿದ್ದವು. ಅಕ್ಕ ಮಾತ್ರ ಮರುವರ್ಷದ ಯುಗಾದಿಯವರೆಗೂ ಹಳೆಯ ಬೆಲೆಯನ್ನೇ ಕೊಟ್ಟಳು. ಬರೆದವರೂ ಹೇಳಲಿಲ್ಲ, ಮಾರಿದವರೂ ಹೇಳಲಿಲ್ಲ; ಕೇಳಬೇಕೆಂಬುದು ನಮಗೂ ತಿಳಿದಿರಲಿಲ್ಲ.

ಅಂದಿನಿಂದ ಊರವರ ಔಷಧಿ ಚೀಟಿ, ಬೀಜದ ಬಿಲ್ಲು, ನೋಟಿಸು ಮುಂತಾದವನ್ನು ಓದಿ ಹೇಳುವ ಕೆಲಸವನ್ನು ನಾನು ಹಚ್ಚಿಕೊಂಡಿದ್ದೇನೆ. ಹಾಗೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬೌದ್ಧಿಕ ಸ್ವತ್ತಿನ ಹಕ್ಕು (ಔಷಧಿ, ಬೀಜದ ತಳಿ, ಪುಸ್ತಕ ಮುಂತಾದ ಬುದ್ಧಿಯ ಸೃಷ್ಟಿಗಳ ಮೇಲಿನ ಹಕ್ಕು) ಎಂದೊಡನೆ ಅದು ದೊಡ್ಡ ಊರಿನ ವಕೀಲರ ವಿಷಯವೆಂದು ನಾವು ಪಕ್ಕಕ್ಕಿಡುತ್ತೇವೆ. ಆದರೆ ಅದು ನಮ್ಮ ಮನೆಗೆ ಬರುವುದು ಔಷಧಿಯ ಬಿಲ್ಲಿನಲ್ಲಿ, ಬೀಜದ ಚೀಲದಲ್ಲಿ, ಮಕ್ಕಳ ಕಾಲೇಜಿನ ಪುಸ್ತಕದಲ್ಲಿ. ಹೊಲದ ಒಡೆತನದಂತೆ ಅದು ತಲೆತಲಾಂತರಕ್ಕೆ ಇಳಿದು ಬರುವ ಆಸ್ತಿಯಲ್ಲ. ಸರ್ಕಾರವು ಒಬ್ಬರಿಗೆ ಇಂತಿಷ್ಟು ವರ್ಷಕ್ಕೆಂದು, ಕೆಲವು ಷರತ್ತುಗಳ ಮೇಲೆ ಕೊಡುವ ಗುತ್ತಿಗೆಗೆ ಹೆಚ್ಚು ಹತ್ತಿರವಾದದ್ದು. ಗುತ್ತಿಗೆಯ ಕರಾರನ್ನು ಓದುವಂತೆಯೇ ಇದನ್ನೂ ಓದಬೇಕು. ಹಕ್ಕು ಯಾವುದರ ಮೇಲಿದೆ, ಎಲ್ಲಿಯವರೆಗಿದೆ, ಯಾವ ಷರತ್ತಿಗೆ ಒಳಪಟ್ಟಿದೆ, ಯಾರಿಗೆ ವಿನಾಯಿತಿ ಇದೆ ಎಂದು ಕೇಳಿದರೆ, ಬಡವರಿಗೆಂದೇ ಕಾನೂನಿನಲ್ಲಿ ಇಟ್ಟಿರುವ ಬಾಗಿಲುಗಳು ಕಾಣುತ್ತವೆ. ಅವು ತಾವಾಗಿ ತೆರೆಯುವುದಿಲ್ಲ.

ಈ ಕರಾರು ಬರೆಯಲ್ಪಟ್ಟದ್ದು ಹೇಗೆಂಬುದನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು. ನಮ್ಮ 1970ರ ಪೇಟೆಂಟ್ ಕಾಯ್ದೆಯು ಆಹಾರ ಮತ್ತು ಔಷಧಿಗಳ ಮಟ್ಟಿಗೆ ವಸ್ತುವಿಗೆ ಪೇಟೆಂಟ್ ಕೊಡುತ್ತಿರಲಿಲ್ಲ, ತಯಾರಿಸುವ ವಿಧಾನಕ್ಕೆ ಮಾತ್ರ ಕೊಡುತ್ತಿತ್ತು. ಬೇರೆ ವಿಧಾನದಲ್ಲಿ ಅದೇ ಔಷಧಿಯನ್ನು ಮಾಡಿದರೆ ತಪ್ಪಾಗುತ್ತಿರಲಿಲ್ಲ. ಕಡಿಮೆ ಬೆಲೆಯ ಔಷಧಿ ಮಾಡುವ ಕಾರ್ಖಾನೆಗಳು ಈ ನೆಲದಲ್ಲಿ ಬೇರೂರಿದ್ದು ಹಾಗೆ. 2001ರಲ್ಲಿ ಸಿಪ್ಲಾ ಕಂಪನಿಯು ಎಚ್‌ಐವಿಯ ಮೂರು ಔಷಧಿಗಳನ್ನು ಒಬ್ಬ ರೋಗಿಗೆ ವರ್ಷಕ್ಕೆ ಸುಮಾರು 350 ಡಾಲರಿಗೆ ಕೊಡುವುದಾಗಿ ಹೇಳಿದಾಗ, ಅದೇ ಚಿಕಿತ್ಸೆಗೆ ಶ್ರೀಮಂತ ದೇಶಗಳಲ್ಲಿ ಹತ್ತು ಸಾವಿರ ಡಾಲರಿಗೂ ಹೆಚ್ಚು ತಗಲುತ್ತಿತ್ತು. ಆಫ್ರಿಕದ ಲಕ್ಷಾಂತರ ಮನೆಗಳಿಗೆ ಆ ಔಷಧಿ ಮುಟ್ಟಿದ್ದು ಈ ಅಂತರದಿಂದಾಗಿಯೇ. ಬೌದ್ಧಿಕ ಸ್ವತ್ತಿನ ಬಗ್ಗೆ ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಒಪ್ಪಂದವು 1995ರ ಜನವರಿ 1ರಂದು ಜಾರಿಗೆ ಬಂದು, ಸದಸ್ಯ ದೇಶಗಳೆಲ್ಲ ಕನಿಷ್ಠ 20 ವರ್ಷದ ಪೇಟೆಂಟ್ ಕೊಡಬೇಕೆಂದಿತು. ಭಾರತಕ್ಕೆ ಔಷಧಿಗಳ ವಿಷಯದಲ್ಲಿ ಸಿಕ್ಕಿದ್ದ ಕಾಲಾವಕಾಶ 2005ರ ಜನವರಿ 1ಕ್ಕೆ ಮುಗಿಯಿತು. ತೀರ ಹಿಂದುಳಿದ ದೇಶಗಳಿಗೆ 2033ರವರೆಗೂ ಇದೆ. ಆದರೆ ಅದೇ ಸಂಸ್ಥೆಯ ದೇಶಗಳು ಹೊರಡಿಸಿದ 2001ರ ನವೆಂಬರಿನ ದೋಹಾ ಘೋಷಣೆಯು, ಜನರ ಆರೋಗ್ಯವನ್ನು ಕಾಯಲು ಕ್ರಮ ಕೈಗೊಳ್ಳುವುದಕ್ಕೆ ಈ ಒಪ್ಪಂದ ಅಡ್ಡಿಯಾಗಬಾರದು, ಕಡ್ಡಾಯ ಪರವಾನಗಿಯನ್ನು (ಪೇಟೆಂಟ್ ಇದ್ದರೂ ಬೇರೆಯವರಿಗೆ ತಯಾರಿಸಲು ಸರ್ಕಾರ ಕೊಡುವ ಅನುಮತಿ) ಯಾವ ಕಾರಣಕ್ಕೆ ಕೊಡಬೇಕೆಂಬುದನ್ನು ಆಯಾ ದೇಶವೇ ನಿರ್ಧರಿಸಬಹುದು ಎಂದು ಸ್ಪಷ್ಟಪಡಿಸಿತು. ನಮ್ಮ ಇಂದಿನ ಕಾಯ್ದೆಯ ಬಾಗಿಲುಗಳು ಅದೇ ಚೌಕಟ್ಟಿನೊಳಗೆ ಕುಳಿತಿವೆ.

ಪೇಟೆಂಟ್ ಇಲ್ಲದಿದ್ದರೆ ಹೊಸ ಔಷಧಿಗೆ ಹಣ ಹೂಡುವವರು ಯಾರು ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಹಣ ಬರುವುದು ಕೊಳ್ಳುವ ಶಕ್ತಿಯಿದ್ದಲ್ಲಿಂದ ಮಾತ್ರ. ಬಡವರನ್ನೇ ಹೆಚ್ಚಾಗಿ ಹಿಡಿಯುವ ಕ್ಷಯರೋಗಕ್ಕೆ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಹೊಸ ವರ್ಗದ ಔಷಧಿಯೇ ಬರಲಿಲ್ಲ. 2012ರಲ್ಲಿ ಬೆಡಾಕ್ವಿಲಿನ್ ಬಂದಾಗ ಅದರ ಬೆಲೆಯೇ ರೋಗಿಗಳಿಗೆ ಎರಡನೆಯ ಕಾಯಿಲೆಯಾಯಿತು. ಅಂದರೆ ಬಡವರು ಔಷಧಿ ಇಲ್ಲದಾಗಲೂ ಸೋತರು, ಬಂದಾಗಲೂ ಸೋತರು.

ಮಾತ್ರೆಯ ಸ್ಟ್ರಿಪ್ ಓದುವುದು

ಮೊದಲು ಸ್ಟ್ರಿಪ್ಪನ್ನು ತಿರುವಿ ನೋಡಿ. ಕಂಪನಿ ಇಟ್ಟ ಹೆಸರು ಬೇರೆ, ಔಷಧಿಯ ಮೂಲ ಹೆಸರು ಬೇರೆ. ಮೂಲ ಹೆಸರನ್ನು ಕಂಪನಿಯ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಮುದ್ರಿಸಬೇಕೆಂಬ ನಿಯಮವೇ ಇದೆ. ಆ ಹೆಸರನ್ನೂ ಮಿಲಿಗ್ರಾಂ ಎಷ್ಟೆಂಬುದನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು, ಸ್ಟ್ರಿಪ್ ಕತ್ತರಿಸುವಾಗ ಹೆಸರಿರುವ ತುದಿಯನ್ನು ಮನೆಯಲ್ಲೇ ಉಳಿಸಿಕೊಳ್ಳಿ. ಅಂಗಡಿಗೆ ಹೋದಾಗ “ಇದನ್ನೇ ಕೊಡಿ” ಎನ್ನುವ ಬದಲು “ಇದೇ ಔಷಧಿ, ಇಷ್ಟೇ ಮಿಲಿಗ್ರಾಂ, ಬೇರೆ ಯಾವ ಕಂಪನಿಯದು ಇದೆ ಅಣ್ಣ?” ಎಂದು ಕೇಳಿ. ಈ ಒಂದು ಪ್ರಶ್ನೆಯಿಂದ ಅರ್ಧ ವಿಷಯ ಬಯಲಾಗುತ್ತದೆ. ಐದಾರು ಕಂಪನಿಗಳದ್ದು ಇದ್ದರೆ ಪೇಟೆಂಟ್ ನಿಮಗೆ ಅಡ್ಡ ಬಂದಿಲ್ಲ, ನೀವು ಕೊಡುತ್ತಿರುವುದು ಹೆಸರಿಗೆ ಬೆಲೆ. ಆಗ ನೇರವಾಗಿ ಜನೌಷಧಿ ಕೇಂದ್ರಕ್ಕೆ ಹೋಗಿ. ಮೂಲ ಹೆಸರು ಮತ್ತು ಪ್ರಮಾಣ ಎರಡೂ ಒಂದೇ ಆಗಿವೆಯೇ ಎಂಬುದನ್ನು ವೈದ್ಯರಿಗೊಮ್ಮೆ ತೋರಿಸಿ, ನಂತರವೇ ಬದಲಾಯಿಸಿ. ಒಂದೇ ಜಾತಿಯ ಔಷಧಿಯೆಂದು ಬೇರೆ ಮೂಲ ಹೆಸರಿನದನ್ನು ನೀವಾಗಿಯೇ ತೆಗೆದುಕೊಳ್ಳಬೇಡಿ.

ಒಂದೇ ಕಂಪನಿಯದು ಮಾತ್ರ ಇದ್ದರೆ, ಅಥವಾ ಇರುವ ಎರಡು ಮೂರರ ಬೆಲೆಯೂ ಒಂದೇ ಎತ್ತರದಲ್ಲಿದ್ದರೆ, ಪೇಟೆಂಟನ್ನು ಹುಡುಕಬೇಕು. ಇದಕ್ಕೆ ವಕೀಲರು ಬೇಕಿಲ್ಲ. ಕಾಲೇಜಿಗೆ ಹೋಗುವ ಮಗನೋ ಮಗಳೋ ಮೊಬೈಲಿನಲ್ಲಿ ನೋಡಬಲ್ಲರು. ಮೆಡಿಸಿನ್ಸ್ ಪೇಟೆಂಟ್ ಪೂಲ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ನಡೆಸುವ ಮೆಡ್ಸ್‌ಪಾಲ್ ಎಂಬ ಉಚಿತ ಪಟ್ಟಿಯಲ್ಲಿ ಅನೇಕ ಮುಖ್ಯ ಔಷಧಿಗಳ ಹೆಸರು ಮತ್ತು ದೇಶವನ್ನು ಕೊಟ್ಟರೆ, ಆ ದೇಶದಲ್ಲಿ ಪೇಟೆಂಟ್ ಇದೆಯೇ, ಯಾವಾಗ ಮುಗಿಯುತ್ತದೆ ಎಂಬುದು ಸಿಗುತ್ತದೆ. ಅಲ್ಲಿ ಇಲ್ಲದಿದ್ದರೆ ಭಾರತೀಯ ಪೇಟೆಂಟ್ ಕಚೇರಿಯ ಸಾರ್ವಜನಿಕ ಹುಡುಕಾಟದ ಪುಟವಿದೆ. 20 ವರ್ಷಗಳನ್ನು ಎಣಿಸುವುದು ಅರ್ಜಿ ಹಾಕಿದ ದಿನದಿಂದ, ಔಷಧಿ ಅಂಗಡಿಗೆ ಬಂದ ದಿನದಿಂದಲ್ಲ ಎಂಬುದನ್ನು ಮರೆಯಬೇಡಿ. ಎಷ್ಟೋ ಔಷಧಿಗಳು ಮಾರಾಟಕ್ಕೆ ಬರುವ ಹೊತ್ತಿಗೆ ಆ ಅವಧಿಯ ಅರ್ಧ ಕಳೆದಿರುತ್ತದೆ.

ಮುಗಿಯುವ ತಿಂಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಅಕ್ಕನಿಗೆ ಮುಂದೆ ಎಂಪಾಗ್ಲಿಫ್ಲೋಜಿನ್ ಎಂಬ ಮತ್ತೊಂದು ಮಾತ್ರೆ ಸೇರಿತು. ಅದರ ಪೇಟೆಂಟ್ 2025ರ ಮಾರ್ಚಿನಲ್ಲಿ ಮುಗಿಯುತ್ತದೆಂಬುದನ್ನು ಈ ಬಾರಿ ಮೊದಲೇ ಬರೆದಿಟ್ಟಿದ್ದೆವು. ಆ ತಿಂಗಳ ಕೊನೆಯಲ್ಲಿ ಆಕೆಯೇ ಅಂಗಡಿಗೆ ಹೋಗಿ ಕೇಳಿದಾಗ, ಅರವತ್ತರ ಸುತ್ತಲಿದ್ದ ಮಾತ್ರೆ ಹತ್ತರ ಸುತ್ತ ಇಳಿದಿತ್ತು. ಈಗ ಆಕೆ ದಿನ ತಪ್ಪಿಸುವುದಿಲ್ಲ.

ಪೇಟೆಂಟ್ ಇನ್ನೂ ಬಾಕಿ ಇದ್ದಾಗ

ಔಷಧಿ ಬೇಕಾದವರಿಗೆ ಕಾಯಲು ವರ್ಷಗಳಿರುವುದಿಲ್ಲ. ಕಾನೂನಿನಲ್ಲಿ ಇಲ್ಲಿಗೆ ಮೂರು ಉಪಾಯಗಳಿವೆ.

ಮೊದಲನೆಯದು ಕಾಯ್ದೆಯ 3(ಡಿ) ಕಲಂ. ಗೊತ್ತಿರುವ ಔಷಧಿಯದೇ ಹೊಸ ರೂಪವೊಂದನ್ನು ಮಾಡಿ, ಅದರಿಂದ ಗುಣ ಹೆಚ್ಚಿತೆಂದು ತೋರಿಸದೆ, ಮತ್ತೆ 20 ವರ್ಷ ಪಡೆಯುವುದನ್ನು ಅದು ತಡೆಯುತ್ತದೆ. ರಕ್ತದ ಕ್ಯಾನ್ಸರಿನ ಗ್ಲಿವೆಕ್ ಔಷಧಿಯ ವಿಷಯದಲ್ಲಿ ನೊವಾರ್ಟಿಸ್ ಕಂಪನಿಯ ಮೇಲ್ಮನವಿಯನ್ನು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತಳ್ಳಿಹಾಕಿದ್ದು ಈ ಕಲಮಿನ ಆಧಾರದ ಮೇಲೆ. ಆ ಔಷಧಿಗೆ ತಿಂಗಳಿಗೆ ಲಕ್ಷ ರೂಪಾಯಿ ಮೀರುತ್ತಿದ್ದಲ್ಲಿ, ಬೇರೆ ಕಂಪನಿಗಳದು ಹತ್ತು ಸಾವಿರದೊಳಗೆ ಸಿಗುತ್ತಿತ್ತು.

ಎರಡನೆಯದು, ಪೇಟೆಂಟ್ ಕೊಡುವ ಮೊದಲೇ ಆಕ್ಷೇಪಣೆ ಸಲ್ಲಿಸುವುದು. 25(1)ನೇ ಕಲಮಿನ ಪ್ರಕಾರ ಅರ್ಜಿ ಪ್ರಕಟವಾದ ಮೇಲೆ, ಪೇಟೆಂಟ್ ಮಂಜೂರಾಗುವ ಮೊದಲು, ಯಾವುದೇ ವ್ಯಕ್ತಿ ಬರವಣಿಗೆಯಲ್ಲಿ ವಿರೋಧಿಸಬಹುದು. ಬೆಡಾಕ್ವಿಲಿನ್ ಔಷಧಿಯ ಲವಣರೂಪವೊಂದಕ್ಕೆ ಕಂಪನಿಯು ಇನ್ನೂ ನಾಲ್ಕು ವರ್ಷದ ಹಕ್ಕು ಕೇಳಿದಾಗ ಆಕ್ಷೇಪಣೆ ಹಾಕಿದವರಲ್ಲಿ ಕ್ಷಯದಿಂದ ಬದುಕುಳಿದ ಇಬ್ಬರು ಮಹಿಳೆಯರಿದ್ದರು, ಒಬ್ಬರು ನಮ್ಮ ದೇಶದವರು, ಇನ್ನೊಬ್ಬರು ದಕ್ಷಿಣ ಆಫ್ರಿಕದವರು; ಇಬ್ಬರೂ ಹಳೆಯ ಔಷಧಿಗಳ ದುಷ್ಪರಿಣಾಮದಿಂದ ಕಿವಿ ಕೇಳದಂತಾದವರು. 2023ರ ಮಾರ್ಚಿನಲ್ಲಿ ಪೇಟೆಂಟ್ ಕಚೇರಿ ಕಂಪನಿಯ ಅರ್ಜಿಯನ್ನು ತಿರಸ್ಕರಿಸಿತು. ಕರ್ನಾಟಕದವರ ಅರ್ಜಿಗಳು ಸೇರುವುದು ಚೆನ್ನೈ ಕಚೇರಿಗೆ; ಆದರೆ ಆಕ್ಷೇಪಣೆಯನ್ನು ಆಯಾ ಅರ್ಜಿ ಇರುವ ಕಚೇರಿಗೇ ಸಲ್ಲಿಸಬೇಕು. ಮೊದಲು ಇದಕ್ಕೆ ಶುಲ್ಕವಿರಲಿಲ್ಲ. 2024ರ ಮಾರ್ಚಿನ ನಿಯಮಗಳು ಶುಲ್ಕವನ್ನೂ, ಆಕ್ಷೇಪಣೆ ವಿಚಾರಣೆಗೆ ಯೋಗ್ಯವೇ ಎಂಬ ಮೊದಲ ಜರಡಿಯನ್ನೂ ತಂದಿವೆ. ರೋಗಿಗಳ ಕೈಗೆ ಎಟುಕುತ್ತಿದ್ದ ಬಾಗಿಲನ್ನು ಇದು ಕಿರಿದು ಮಾಡಿತೆಂದೇ ನನ್ನ ಅಭಿಪ್ರಾಯ. ಒಬ್ಬಂಟಿಯಾಗಿ ಹೋಗಬೇಡಿ. ರಸಾಯನಶಾಸ್ತ್ರ ಓದಿದವರೊಬ್ಬರು, ಅದೇ ಕಾಯಿಲೆಯ ನಾಲ್ಕು ಮನೆಯವರು, ಒಬ್ಬ ವಕೀಲರು ಸೇರಿ ಬರೆಯಿರಿ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆಯೇ ಉಚಿತ ನೆರವು ಸಿಗುತ್ತದೆ.

ಮೂರನೆಯದು ಕಡ್ಡಾಯ ಪರವಾನಗಿ. ಪೇಟೆಂಟ್ ಕೊಟ್ಟು ಮೂರು ವರ್ಷ ಕಳೆದ ಮೇಲೂ ಜನರ ಅಗತ್ಯ ಪೂರೈಕೆಯಾಗದಿದ್ದರೆ, ಬೆಲೆ ಕೈಗೆಟುಕದಿದ್ದರೆ, ಅಥವಾ ಆ ಆವಿಷ್ಕಾರ ಈ ದೇಶದಲ್ಲಿ ಬಳಕೆಗೇ ಬಾರದಿದ್ದರೆ, ಬೇರೆಯವರಿಗೆ ತಯಾರಿಸಲು ಅನುಮತಿ ಕೊಡಬಹುದೆಂದು 84ನೇ ಕಲಂ ಹೇಳುತ್ತದೆ. ಮೂತ್ರಪಿಂಡ ಮತ್ತು ಯಕೃತ್ತಿನ ಕ್ಯಾನ್ಸರಿನ ಸೊರಾಫೆನಿಬ್ ಔಷಧಿಗೆ ಬೇಯರ್ ಕಂಪನಿ ತಿಂಗಳಿಗೆ ಸುಮಾರು 2 ಲಕ್ಷ 80 ಸಾವಿರ ರೂಪಾಯಿ ಕೇಳುತ್ತಿತ್ತು. 2012ರ ಮಾರ್ಚಿನಲ್ಲಿ ಹೈದರಾಬಾದಿನ ನ್ಯಾಟ್ಕೋ ಕಂಪನಿಗೆ ಪರವಾನಗಿ ಸಿಕ್ಕಿ, ಅದು 8,880 ರೂಪಾಯಿಗೆ ಇಳಿಯಿತು. ಪೇಟೆಂಟ್ ಹೊಂದಿದವರಿಗೆ ಮಾರಾಟದ ಮೇಲೆ ರಾಯಧನವೂ ಸಲ್ಲಿತು. ನಮ್ಮ ದೇಶದಲ್ಲಿ ಔಷಧಿಗೆ ಕೊಟ್ಟ ಇಂಥ ಪರವಾನಗಿ ಅದೊಂದೇ. ಇದು ತಯಾರಿಸಬಲ್ಲ ಕಂಪನಿ ಮುಂದೆ ಬಂದರೆ ಮಾತ್ರ ಆಗುವ ಕೆಲಸ. ರೋಗಿಯ ಮನೆಯವರು ಮಾಡಬಹುದಾದದ್ದೆಂದರೆ, ಬೆಲೆ ಕೈಗೆಟುಕದ್ದೆಂಬುದಕ್ಕೆ ಪುರಾವೆ ಕೂಡಿಸುವುದು: ಬಿಲ್ಲುಗಳು, ಸಾಲದ ಕಾಗದ, ಅಂಗಡಿಯಲ್ಲಿ ದಾಸ್ತಾನಿಲ್ಲವೆಂದು ಬರೆಸಿಕೊಂಡ ಚೀಟಿ. ಇವನ್ನು ಲಗತ್ತಿಸಿ ಸಂಸದರಿಗೂ ಆರೋಗ್ಯ ಇಲಾಖೆಗೂ ಬರೆದರೆ, ತುರ್ತಿನಲ್ಲಿ ಕಡ್ಡಾಯ ಪರವಾನಗಿಗೆ ಸರ್ಕಾರವೇ ದಾರಿ ತೆರೆಯಬಹುದಾದ 92ನೇ ಕಲಮನ್ನೂ, ತನ್ನ ಬಳಕೆಗೆಂದು ಔಷಧಿ ಮಾಡಿಸಬಹುದಾದ 100ನೇ ಕಲಮನ್ನೂ ಹೆಸರಿಸಿ ಕೇಳಬಹುದು.

ಬೀಜದ ವಿಷಯ

ಚಳ್ಳಕೆರೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಬಿತ್ತನೆಗೆ ಮುಂಚಿನ ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಕುಳಿತಿದ್ದೆ. ಆ ಮನೆಯ ಅಜ್ಜಿ ಮೊರವನ್ನು ಮಡಿಲ ಮುಂದಿಟ್ಟುಕೊಂಡು ಶೇಂಗಾ ಸುಲಿಯುತ್ತಿದ್ದರು. ಸಿಪ್ಪೆ ಒಡೆದ ಸದ್ದು, ಹೆಬ್ಬೆರಳಿನಿಂದ ಬೀಜವನ್ನೊಮ್ಮೆ ಹೊರಳಿಸಿ ನೋಡುವುದು, ಮುರುಟಿದ್ದನ್ನು ಒಂದು ಕಡೆಗೆ, ತುಂಬಿದ್ದನ್ನು ಇನ್ನೊಂದು ಕಡೆಗೆ. ಕಾಯಿಯಲ್ಲೇ ಇಟ್ಟು ಬಿತ್ತುವ ಹೊತ್ತಿಗೆ ಸುಲಿದರೆ ಮೊಳಕೆ ಕೆಡುವುದಿಲ್ಲವೆಂದು ಅವರೇ ಹೇಳಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು: “ನಮ್ಮತ್ತೆ ಕಾಲ್ದಿಂದ ಬಂದಿರೋ ಬೀಜ ಕಣಪ್ಪ ಇದು. ಪಕ್ಕದೂರೋರು ಎರಡು ಚೀಲ ಕೇಳವ್ರೆ. ಕೊಟ್ರೆ ಕಂಪ್ನಿಯೋರು ಕೇಸ್ ಹಾಕ್ತಾರಂತೆ, ಹೌದಾ?”

ಹೌದಲ್ಲ. ಅವರ ಮೊರದಲ್ಲಿದ್ದದ್ದು ಟಿಎಂವಿ-2, 1940ರಲ್ಲಿ ತಿಂಡಿವನಂನ ಸರ್ಕಾರಿ ಸಂಶೋಧನಾ ಕೇಂದ್ರದಿಂದ ಬಂದ ತಳಿ. ಅದರ ಮೇಲೆ ಯಾರ ಹಕ್ಕೂ ಇಲ್ಲ. ಹಕ್ಕು ಇರುವ ತಳಿಯಾಗಿದ್ದರೂ ಅವರು ಕೊಡಬಹುದಿತ್ತು. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಕಲಮಿನ ಪ್ರಕಾರ, ರೈತರು ತಮ್ಮ ಹೊಲದಲ್ಲಿ ಬೆಳೆದದ್ದನ್ನು ಬೀಜವೂ ಸೇರಿದಂತೆ ಉಳಿಸಿಕೊಳ್ಳಬಹುದು, ಬಿತ್ತಬಹುದು, ಮತ್ತೆ ಬಿತ್ತಬಹುದು, ವಿನಿಮಯ ಮಾಡಬಹುದು, ಹಂಚಬಹುದು, ಮಾರಬಹುದು. ಮಾಡಬಾರದ್ದು ಒಂದೇ: ಸಂರಕ್ಷಿತ ತಳಿಯ ಹೆಸರಿನ ಚೀಟಿ ಅಂಟಿಸಿದ ಪೊಟ್ಟಣ ಕಟ್ಟಿ ಮಾರುವುದು. ಆದ್ದರಿಂದ ಕೊಡುವಾಗ ಬರಿಯ ಗೋಣಿಚೀಲದಲ್ಲಿ ಕೊಡಿ; ಕಂಪನಿಯ ಖಾಲಿ ಚೀಲದಲ್ಲಿ ತುಂಬಿ ಕೊಡಬೇಡಿ. ಉಳಿತಾಯಕ್ಕೆಂದು ಹಳೆಯ ಚೀಲ ಬಳಸುವುದು ನಮ್ಮಲ್ಲಿ ರೂಢಿ, ತೊಂದರೆ ಬರುವುದೂ ಅಲ್ಲಿಂದಲೇ.

ನೋಟಿಸೇ ಬಂದರೆ? ಗುಜರಾತಿನ ಆಲೂಗಡ್ಡೆ ಬೆಳೆಗಾರರ ಪ್ರಕರಣವನ್ನು ನೆನಪಿಡಿ. 2019ರಲ್ಲಿ ಪೆಪ್ಸಿಕೋ ಕಂಪನಿಯು ತಾನು ನೋಂದಾಯಿಸಿದ ತಳಿಯನ್ನು ಬೆಳೆದರೆಂದು ನಾಲ್ವರು ರೈತರಿಂದ ತಲಾ ಒಂದು ಕೋಟಿ ರೂಪಾಯಿಗೂ ಹೆಚ್ಚು ಪರಿಹಾರ ಕೇಳಿ ದಾವೆ ಹೂಡಿತು. ನಮ್ಮಿಂದಲೇ ಬೀಜ ಕೊಂಡು ನಮಗೇ ಮಾರುವ ಕರಾರಿಗೆ ಸಹಿ ಹಾಕಿದರೆ ಬಿಡುತ್ತೇವೆಂಬ ಮಾತೂ ಬಂತು. ರೈತರು ಒಪ್ಪಲಿಲ್ಲ, ದೇಶದ ರೈತ ಸಂಘಟನೆಗಳು 39ನೇ ಕಲಮನ್ನು ಎತ್ತಿ ಹಿಡಿದವು, ಮೇ ತಿಂಗಳಲ್ಲಿ ಕಂಪನಿ ದಾವೆಗಳನ್ನು ಹಿಂತೆಗೆದುಕೊಂಡಿತು. ತಳಿಯ ನೋಂದಣಿಯು 2021ರಲ್ಲಿ ರದ್ದಾಗಿ, 2024ರ ಜನವರಿಯಲ್ಲಿ ದೆಹಲಿ ಹೈಕೋರ್ಟಿನ ತೀರ್ಪಿನಿಂದ ಕಂಪನಿಯ ಪರವಾಯಿತು. ಆದರೂ 39ನೇ ಕಲಂ ರೈತರಿಗೆ ಕೊಟ್ಟದ್ದು ಹಾಗೆಯೇ ಇದೆ. ಇಂಥ ಕಾಗದ ಬಂದಾಗ ಬಂದ ದಿನಾಂಕವನ್ನು ಲಕೋಟೆಯ ಮೇಲೆಯೇ ಬರೆದಿಡಿ, ಮನೆಗೆ ಬಂದವರು ತೋರಿಸಿದ ಕಡೆ ಸಹಿ ಹಾಕಬೇಡಿ, ಆ ವಾರದೊಳಗೆ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ತಿಳಿಯದೆ ಆದ ಉಲ್ಲಂಘನೆಗೆ ರೈತರನ್ನು ಹೊಣೆ ಮಾಡಬಾರದೆಂದು 42ನೇ ಕಲಂ ಇದೆ; ಉತ್ತರದಲ್ಲಿ ಅದನ್ನು ಹೆಸರಿಸಿ.

ದಾವಣಗೆರೆ, ಜಗಳೂರು ಕಡೆಯ ಮೆಕ್ಕೆಜೋಳದ ಕಥೆ ಬೇರೆ. ಅಲ್ಲಿ ರೈತನನ್ನು ಕಟ್ಟಿಹಾಕಿರುವುದು ಕಾನೂನಲ್ಲ, ಹೈಬ್ರಿಡ್ ಬೀಜದ ಗುಣವೇ. ಉಳಿಸಿ ಬಿತ್ತಿದರೆ ಮರುವರ್ಷ ತೆನೆ ಒಂದೇ ಸಮ ಬರುವುದಿಲ್ಲ, ಇಳುವರಿ ಬೀಳುತ್ತದೆ. ಆದ್ದರಿಂದ ಪ್ರತಿ ಮುಂಗಾರಿಗೂ ಅಂಗಡಿಗೆ ಹೋಗಲೇಬೇಕು. ಇಲ್ಲಿ ಕೆಲಸಕ್ಕೆ ಬರುವುದು 39(2): ತಳಿ ಇಷ್ಟು ಇಳುವರಿ ಕೊಡುತ್ತದೆಂದು ಹೇಳಿ ಮಾರಿದ ಮೇಲೆ ಕೊಡದಿದ್ದರೆ, ಸಂರಕ್ಷಿತ ತಳಿಯಾಗಿದ್ದಲ್ಲಿ ಆ ಕಾಯ್ದೆಯಡಿಯ ಸಸ್ಯ ತಳಿ ಪ್ರಾಧಿಕಾರದಿಂದ ಪರಿಹಾರ ಕೇಳಬಹುದು. ಅದಕ್ಕಿಂತ ಹತ್ತಿರದ ದಾರಿ ಜಿಲ್ಲಾ ಗ್ರಾಹಕ ಆಯೋಗ. ಬೀಜ ಕೊಂಡ ರೈತರೂ ಗ್ರಾಹಕರೇ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ, ಮತ್ತು ಕೊಂಡ ಬೆಲೆ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಬಿತ್ತುವ ದಿನವೇ ಈ ತಯಾರಿ ಮಾಡಿಕೊಳ್ಳಿ: ಬಿಲ್ಲು ಹಾಕಿಸಿಕೊಂಡು, ಚೀಲವನ್ನು ತಳದಿಂದ ಕತ್ತರಿಸಿ, ಮೇಲಿನ ಲೇಬಲ್ಲು ಮತ್ತು ಲಾಟ್ ಸಂಖ್ಯೆ ಹರಿಯದಂತೆ ಉಳಿಸಿ, ಒಂದು ಹಿಡಿ ಬೀಜವನ್ನು ಅದೇ ಚೀಲದಲ್ಲಿ ಕಟ್ಟಿಡಿ. ಮೊಳಕೆ ಬಾರದಿದ್ದರೆ ಹೊಲ ಉಳುವ ಮೊದಲೇ ರೈತ ಸಂಪರ್ಕ ಕೇಂದ್ರಕ್ಕೆ ಲಿಖಿತ ದೂರು ಕೊಟ್ಟು, ಅಧಿಕಾರಿಗಳನ್ನು ಹೊಲಕ್ಕೆ ಕರೆಸಿ ವರದಿ ಬರೆಸಿಕೊಳ್ಳಿ. ಉತ್ತುಹೋದ ಹೊಲದಲ್ಲಿ ತೋರಿಸಲು ಏನೂ ಇರುವುದಿಲ್ಲ.

ಹತ್ತಿಯಲ್ಲಿ ಸರ್ಕಾರ ಮನಸ್ಸು ಮಾಡಿದರೆ ಏನಾಗುತ್ತದೆಂಬುದನ್ನು ನೋಡಿದ್ದೇವೆ. 2002ರಲ್ಲಿ ಬಿಟಿ ಹತ್ತಿ ಬಂದ ಮೇಲೆ, 450 ಗ್ರಾಂನ ಪೊಟ್ಟಣದ ಬೆಲೆಯೊಳಗೆ ಆ ತಂತ್ರಜ್ಞಾನದ ಹಕ್ಕುಳ್ಳ ಕಂಪನಿಗೆ ಸಲ್ಲುವ ಶುಲ್ಕವೂ ಸೇರಿಕೊಂಡಿತ್ತು. 2016ರ ಬೆಲೆ ನಿಯಂತ್ರಣದಲ್ಲಿ ಆ ಶುಲ್ಕವನ್ನು 49 ರೂಪಾಯಿಗೆ ಇಳಿಸಿ, 2020ಕ್ಕೆ ಸೊನ್ನೆ ಮಾಡಲಾಯಿತು.

ನಿಮ್ಮ ಮನೆತನದಲ್ಲೇ ಉಳಿದುಬಂದ ಜೋಳ, ಸಜ್ಜೆ, ಭತ್ತದ ತಳಿಯಿದ್ದರೆ ಅದನ್ನು ರೈತರ ತಳಿಯೆಂದು ನೋಂದಾಯಿಸಬಹುದು, ರೈತರಿಗೆ ಶುಲ್ಕವಿಲ್ಲ. ಅರ್ಜಿಗೆ ಪಂಚಾಯಿತಿಯ ಜೀವವೈವಿಧ್ಯ ಸಮಿತಿಯ ಅಥವಾ ಜಿಲ್ಲಾ ಕೃಷಿ ಅಧಿಕಾರಿಯ ದೃಢೀಕರಣ ಬೇಕು. ಸಸ್ಯ ತಳಿ ಪ್ರಾಧಿಕಾರದ ಶಾಖಾ ಕಚೇರಿ ಶಿವಮೊಗ್ಗದಲ್ಲಿದೆ. ಅರ್ಜಿ ತುಂಬಲು ದಾವಣಗೆರೆಯವರು ತರಳಬಾಳು ಕೃಷಿ ವಿಜ್ಞಾನ ಕೇಂದ್ರವನ್ನೂ ಚಿತ್ರದುರ್ಗದವರು ಹಿರಿಯೂರಿನ ಬಬ್ಬೂರು ಫಾರಂನಲ್ಲಿರುವ ಕೇಂದ್ರವನ್ನೂ ಕೇಳಬಹುದು.

ಉಳಿದ ಕೆಲವು

ಅರಿಸಿನ ಗಾಯ ಮಾಯಿಸುತ್ತದೆಂಬುದಕ್ಕೆ ಅಮೆರಿಕದಲ್ಲಿ 1995ರಲ್ಲಿ ಪೇಟೆಂಟ್ ಕೊಡಲಾಗಿತ್ತು. ಅದನ್ನು ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಪ್ರಶ್ನಿಸಿ 1997ರಲ್ಲಿ ರದ್ದು ಮಾಡಿಸಿತು. ಗೆಲ್ಲಿಸಿದ್ದು ಬರೆದಿಟ್ಟ ಹಳೆಯ ದಾಖಲೆಗಳು. ಜೋಗಿಮಟ್ಟಿಯ ಸುತ್ತಲಿನ ನಾಟಿ ವೈದ್ಯರಿಗೆ ಗೊತ್ತಿರುವ ಗಿಡಮೂಲಿಕೆಗಳ ಬಗ್ಗೆ ಅಂಥ ಬರಹ ಕಡಿಮೆ. ನಿಮ್ಮ ಗ್ರಾಮ ಪಂಚಾಯಿತಿಯ ಜನತಾ ಜೀವವೈವಿಧ್ಯ ದಾಖಲಾತಿಯನ್ನು ತೋರಿಸಲು ಕೇಳಿ, ಊರ ಹಿರಿಯರನ್ನು ಕೂರಿಸಿಕೊಂಡು ಬಿಟ್ಟುಹೋದದ್ದನ್ನು ಸೇರಿಸಿ. ಯಾವ ಗಿಡ, ಯಾವುದಕ್ಕೆ ಎಂಬಷ್ಟು ಸಾಕು. ಮದ್ದು ಮಾಡುವ ವಿಧಾನವನ್ನು ಬರೆಸಬೇಕೇ ಬೇಡವೇ ಎಂಬುದು ಹೇಳುವವರ ಇಷ್ಟ.

ಮೊಳಕಾಲ್ಮೂರು ಸೀರೆಗೆ ಜಿಐ, ಅಂದರೆ ಊರಿನ ಹೆಸರಿಗೆ ಕೊಡುವ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಆದರೆ ಊರಿನ ಹೆಸರಿಗೆ ಮಾನ್ಯತೆ ಬಂದಮಾತ್ರಕ್ಕೆ ನೇಕಾರನ ಕೈ ಬಲಗೊಳ್ಳುವುದಿಲ್ಲ. ಮಗ್ಗದವರು ತಮ್ಮ ತಮ್ಮ ಹೆಸರಿನಲ್ಲಿ ಅಧಿಕೃತ ಬಳಕೆದಾರರಾಗಿ ಚೆನ್ನೈನ ನೋಂದಣಿ ಕಚೇರಿಯಲ್ಲಿ ಹೆಸರು ಹಚ್ಚಿಸಬೇಕು. 500 ರೂಪಾಯಿ ಇದ್ದ ಶುಲ್ಕವನ್ನು 2020ರಲ್ಲಿ 10ಕ್ಕೆ ಇಳಿಸಲಾಗಿದೆ. ಯಂತ್ರದಲ್ಲಿ ನೇಯ್ದ ನಕಲು ಸೀರೆಯ ಮೇಲೆ ದೂರು ಕೊಡುವಾಗ ಆ ನೋಂದಣಿ ಬೇಕಾಗುತ್ತದೆ.

ಪುಸ್ತಕ ಕೊಳ್ಳಲಾಗದ ವಿದ್ಯಾರ್ಥಿಗಳು ಪಠ್ಯದ ಭಾಗಗಳನ್ನು ಪಾಠಕ್ಕೆಂದು ಜೆರಾಕ್ಸ್ ಮಾಡಿಸುವುದು, ಬೋಧನೆಗೆ ಅಗತ್ಯವಾದಷ್ಟರ ಮಟ್ಟಿಗೆ, ಅಪರಾಧವಲ್ಲವೆಂದು ದೆಹಲಿ ಹೈಕೋರ್ಟ್ 2016ರಲ್ಲಿ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮಿನಡಿ ಹೇಳಿದೆ. ಕಣ್ಣು ಕಾಣದವರಿಗಾಗಿ ಪುಸ್ತಕವನ್ನು ಬ್ರೈಲ್‌ಗೋ ಧ್ವನಿಗೋ ಬದಲಾಯಿಸಲು ಪ್ರಕಾಶಕರ ಅನುಮತಿ ಬೇಕಿಲ್ಲ.

ಈ ಯಾವುದೇ ಕೆಲಸಕ್ಕೆ ಕಚೇರಿಗೆ ಹೋಗುವಾಗ ಅರ್ಜಿಯ ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ದಿನಾಂಕದ ಸಮೇತ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಸಾಹೇಬರು ಊಟಕ್ಕೆ ಹೋಗಿದ್ದಾರೆ, ಇಟ್ಟು ಹೋಗಿ ಎಂದರೆ, ಅವರು ಬರುವ ತನಕ ಬೆಂಚಿನ ಮೇಲೆ ಕುಳಿತಿರಿ.